ಹದಿಮೂರನೆಯ ಹೆಸರು

ಎಡಗಡೆಯಿಂದ ಯಾರಾದರೂ ಮಾತನಾಡಿಸಿದರೆ ಪಟ್ಟಿಯಕ್ಕ ಈಚೆಗೆ ಮೊದಲು ನಗುತ್ತಿದ್ದಳು. ನಕ್ಕರೆ ಎದುರಿನವರು ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಾರೆ, ಇಲ್ಲವೇ ತಾವೂ ನಕ್ಕು ಸುಮ್ಮನಾಗುತ್ತಾರೆ. ಎರಡರಲ್ಲಿ ಯಾವುದಾದರೂ ಅವಳ ಕೆಲಸ ನಡೆದುಹೋಗುತ್ತಿತ್ತು. ಆಸ್ಪತ್ರೆಯ ಕಿವಿ ವಿಭಾಗದ ಕಿಟಕಿಯ ಹಿಂದೆ ಅವಳು ಹದಿನೆಂಟು ವರ್ಷದಿಂದ ಕೂತಿದ್ದಳು. ಕಿವಿ ಕೇಳದವರ ಹೆಸರನ್ನು ದಪ್ಪ ರಿಜಿಸ್ಟರಿನಲ್ಲಿ ಸಾಲಾಗಿ ಬರೆದು, ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿ ಒಳಗೆ ಕಳಿಸುವುದು ಅವಳ ಕೆಲಸ. ಆ ರಿಜಿಸ್ಟರಿನಿಂದಲೇ ಅವಳಿಗೆ ಪಟ್ಟಿಯಕ್ಕ ಎಂಬ ಹೆಸರು ಬಂದು, ಇದ್ದ ಹೆಸರನ್ನು ಸಂಬಳದ ಚೀಟಿಯವರ ಹೊರತು ಎಲ್ಲರೂ ಮರೆತಿದ್ದರು. ತನ್ನ ಎಡಗಿವಿ ಮಂದವಾಗುತ್ತಿರುವುದು ಅವಳಿಗೆ ಗೊತ್ತಾಗಿ ನಾಲ್ಕು ತಿಂಗಳಾಗಿತ್ತು. ಗಂಡನಿಗೆ ಹೇಳಿರಲಿಲ್ಲ. ಮೊದಲೇ ಮೆಲುದನಿಯ ಮನುಷ್ಯ. ಮುದ್ರಣಾಲಯದಲ್ಲಿ ದಿನವಿಡೀ ಕಾಗದ ಕತ್ತರಿಸುವ ಯಂತ್ರದ ಮುಂದೆ ನಿಂತು ಬಂದವನು ಮನೆಯಲ್ಲಿ ಇನ್ನೂ ಮೆತ್ತಗೆ ಮಾತನಾಡುತ್ತಿದ್ದ. ಅವನು ಏನೋ ಹೇಳುತ್ತಿದ್ದಾನೆಂಬುದು ಅವನ ಗಂಟಲಿನ ಏರಿಳಿತದಿಂದ ತಿಳಿಯುತ್ತಿತ್ತು, ಅವಳು ನಗುತ್ತಿದ್ದಳು, ಅವನೂ ನಗುತ್ತಿದ್ದ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ತಾವಿಬ್ಬರೂ ಇಷ್ಟು ನಕ್ಕದ್ದೇ ಇಲ್ಲವಲ್ಲ ಎಂದು ಒಮ್ಮೆ ಅನ್ನಿಸಿ ಅವಳಿಗೆ ಒಳಗೊಳಗೇ ನಾಚಿಕೆಯಾಗಿತ್ತು.

ಆದರೂ ಈ ಗುರುವಾರ ಬೆಳಿಗ್ಗೆ ಅವಳಿಗೆ ಖುಷಿಯಾಗಿತ್ತು. ಕಿಟಕಿಯ ಗಾಜನ್ನು ತಾನೇ ಒರೆಸಿ, ರಿಜಿಸ್ಟರನ್ನು ಬಲಕ್ಕೆ ಸರಿಸಿ, ಕಂಪ್ಯೂಟರನ್ನು ನಡುವಿಗೆ ಎಳೆದುಕೊಂಡಳು. ಇವತ್ತಿನಿಂದ ಹೆಸರುಗಳು ಅದರೊಳಗೆ ಹೋಗಬೇಕು. ಮೇಲಿನ ಕಚೇರಿಯವರು ಕಳಿಸುತ್ತೇವೆಂದ ಪ್ರೋಗ್ರಾಂ ಮೂರು ವರ್ಷದಿಂದ ಬರುತ್ತಲೇ ಇತ್ತು. ಅದನ್ನು ಕೇಳಿದ ತಂಗಿ, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು, "ಅಯ್ಯೋ ಅಕ್ಕಾ, ಹೆಸರು ಸೇರಿಸೋಕೆ ಅಷ್ಟೊಂದು ಕಾಯಬೇಕಾ? ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೇಲಿ ಹತ್ತು ಸಾಲು. ನೀನೇ ಬರಿ, ನಾನು ಹೇಳಿಕೊಡ್ತೀನಿ" ಅಂದಿದ್ದಳು. ಅಂದಿನಿಂದ ಎಂಟು ಭಾನುವಾರ ಪಟ್ಟಿಯಕ್ಕ ತಂಗಿಯ ಮನೆಯ ಊಟದ ಮೇಜಿನ ಮುಂದೆ ಕೂತು ಕಲಿತಿದ್ದಳು. ಇದೇ ತಂಗಿಯ ಕೈಹಿಡಿದು ತಾನು ಮೊದಲ ಅಕ್ಷರ ತಿದ್ದಿಸಿದ್ದೆ ಎಂಬುದು ಇಬ್ಬರಿಗೂ ನೆನಪಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ. ತಂಗಿಗೆ ತಾಳ್ಮೆ ಕಡಿಮೆ. ಬೆರಳು ತಪ್ಪಿದರೆ ಮೇಜು ಕುಟ್ಟುತ್ತಿದ್ದಳು. ಒಂದು ಭಾನುವಾರ ಅವಳು ಎಡಬದಿಗೆ ಕೂತು, "ಆವರಣ ಹಾಕು ಅಕ್ಕಾ, ಆವರಣ" ಎಂದಾಗ ಪಟ್ಟಿಯಕ್ಕ ಗಾಬರಿಯಿಂದ ಬರಿದಾದ ತನ್ನ ಕುತ್ತಿಗೆ ಮುಟ್ಟಿಕೊಂಡು, "ಈಗ್ಯಾಕೆ ಆಭರಣ? ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿದ್ದಳು. ತಂಗಿ ಹೊಟ್ಟೆ ಹಿಡಿದು ನಕ್ಕಳು, ಒಳಗಿದ್ದ ಗಂಡನನ್ನು ಕರೆದು ಅವನಿಗೂ ಹೇಳಿ ನಗಿಸಿದಳು. ಪಟ್ಟಿಯಕ್ಕ ತಮಾಷೆಗೇ ಹಾಗಂದವಳಂತೆ ನಕ್ಕಳು. ಆದರೆ ಮುಂದಿನ ವಾರದಿಂದ ಕುರ್ಚಿ ತಿರುಗಿಸಿ, ತಂಗಿ ಬಲಕ್ಕೇ ಬರುವಂತೆ ಕೂತಳು.

ಪಟ್ಟಿಯ ಹೆಸರು, ಒಂದು ಚುಕ್ಕೆ, ಅಪೆಂಡ್, ಆಮೇಲೆ ಆವರಣದೊಳಗೆ ಸೇರಿಸಬೇಕಾದವರ ಹೆಸರು. ಒತ್ತಿದರೆ ಆ ಹೆಸರು ಎಲ್ಲರ ಹಿಂದೆ ಹೋಗಿ ನಿಲ್ಲುತ್ತಿತ್ತು, ಒಂದು ಮಾತೂ ಆಡದೆ. ಆ ವಿಧೇಯತೆ ಪಟ್ಟಿಯಕ್ಕನಿಗೆ ಬಹಳ ಹಿಡಿಸಿತ್ತು. ಮೊದಲ ಮೂರು ಹೆಸರು ಹಾಕಿದಳು: ಪಾಠ ಮಾಡಿ ಮಾಡಿ ಕಿವಿಯೊಳಗೆ ಜೀರುಂಡೆ ಕೂತಿದೆ ಎನ್ನುವ ಮೇಷ್ಟ್ರು, ಹೊಸದಾಗಿ ಬಂದ ಬಸುರಿ, ಅಂಚೆಯವನು. ನಾಲ್ಕನೆಯದು ಬೀಗ ರಿಪೇರಿಯವನ ಹೆಸರು. ಅದನ್ನು ಬರೆಯುವಾಗ ಅವಳ ಕೈ ಪ್ರತಿ ಸಲವೂ ಒಂದು ಕ್ಷಣ ನಿಲ್ಲುವುದುಂಟು, ಇವತ್ತೂ ನಿಂತಿತು. ಆ ನಿಂತದ್ದರಲ್ಲೇ ಏನೋ ತಪ್ಪಿ, ಸಾಲಿನ ಮೊದಲಿಗೆ ಪಟ್ಟಿ ಎಂದು ಬರೆದು ಸಮ ಚಿಹ್ನೆ ಹಾಕಿ, ಆಮೇಲೆ ಅಪೆಂಡ್ ಬರೆದಳು. ಒತ್ತಿದಳು. ಪಟ್ಟಿ ತೋರಿಸು ಎಂದಳು. ಪರದೆಯ ಮೇಲೆ ನಾಲ್ಕು ಹೆಸರಿನ ಬದಲು ಒಂದೇ ಪದ ಬಂತು: ನನ್. ಈ ಪದವನ್ನು ತಂಗಿ ಮೊದಲ ಸಲ ಓದಿ ಹೇಳಿದಾಗ ಪಟ್ಟಿಯಕ್ಕ ಅದನ್ನು 'ನನ್ನದು' ಎಂದು ತಿಳಿದು, ಪರವಾಗಿಲ್ಲ, ಮಷಿನ್ನೂ ಸ್ವಲ್ಪ ನಮ್ಮ ಮಾತು ಆಡುತ್ತೆ ಅಂದುಕೊಂಡಿದ್ದಳು. "ನನ್ ಅಂದ್ರೆ ಏನೂ ಇಲ್ಲ ಅಂತ. ಅಪೆಂಡು ಇರೋ ಪಟ್ಟೀನೇ ಬದಲಾಯಿಸುತ್ತೆ, ನಿನ್ನ ಕೈಗೆ ಏನೂ ವಾಪಸ್ ಕೊಡಲ್ಲ. ಆ ಏನೂ ಇಲ್ಲವನ್ನ ತಗೊಂಡು ನೀನು ಪಟ್ಟಿ ಅಂತ ಹೆಸರಿಟ್ರೆ, ಇದ್ದ ಪಟ್ಟಿ ಕೈಬಿಟ್ಟುಹೋಯ್ತು." ಹೀಗೆ ತಂಗಿ ಮೂರು ಭಾನುವಾರ ಹೇಳಿದ್ದಳು. ಈಗ ಮೇಷ್ಟ್ರು, ಬಸುರಿ, ಅಂಚೆಯವನು ಎಲ್ಲರೂ ಹೋದರು. ಬೀಗ ರಿಪೇರಿಯವನನ್ನು ಒಳಗೆ ಬಿಡುವ ಭರದಲ್ಲೇ ಮನೆ ಬಿದ್ದಂತಾಯಿತು. ಅವಳು ತಲೆಯೆತ್ತಿ ನೋಡಿದಳು. ಅವನು ಮುಂದಿನ ಬೆಂಚಿನಲ್ಲಿ, ಎಂದಿನ ಹಾಗೆ ಕಿಟಕಿಗೆ ನೇರವಾಗಿ ಕೂತು, ರೆಪ್ಪೆ ಬಡಿಯದೆ ಅವಳ ಮುಖವನ್ನೇ ನೋಡುತ್ತಿದ್ದ.

ಆ ನೋಟವನ್ನು ಎರಡು ವರ್ಷದಿಂದ ಅವಳು ಹೊತ್ತಿದ್ದಳು. ಎಲ್ಲರೂ ಗೋಡೆ ನೋಡುತ್ತಾರೆ, ಕಾಲ ಬೆರಳು ನೋಡುತ್ತಾರೆ, ಪಕ್ಕದವರ ಚೀಲ ನೋಡುತ್ತಾರೆ. ಈತನೊಬ್ಬ ಅವಳನ್ನು ನೋಡುತ್ತಾನೆ. ಇವನಿಗೆ ಗೊತ್ತು, ಎಂದು ಅವಳ ಲೆಕ್ಕ. ಎರಡು ವರ್ಷದ ಹಿಂದೆ ಇಂಥದೇ ಗುರುವಾರ ತಂಗಿ ಫೋನು ಮಾಡಿ, "ನಮ್ಮತ್ತೇನ ಕರ್ಕೊಂಡು ಬರ್ತಿದೀನಿ, ಸ್ವಲ್ಪ ಮೇಲೆ ಹಾಕೇ, ಬೆಂಚಿನ ಮೇಲೆ ಕೂರಿಸಿದ್ರೆ ನನ್ನ ತಲೆ ತಿಂತಾರೆ" ಅಂದಿದ್ದಳು. ಪಟ್ಟಿಯಕ್ಕನಿಗೆ ಬೇಡವೆನ್ನಲು ಆಗಲಿಲ್ಲ. ನಿಜ ಹೇಳಬೇಕೆಂದರೆ ಬೇಡವೆನ್ನುವ ಮನಸ್ಸೂ ಇರಲಿಲ್ಲ. ತಂಗಿಯ ಅತ್ತೆ ಸಿಟ್ಟಿನ ಹೆಂಗಸು. ಮದುವೆಯಲ್ಲಿ ಇವರ ಕಡೆಯವರನ್ನು ಮೂಗಿನ ತುದಿಯಿಂದ ನೋಡಿದವರು. ಅಂಥವರು ತನ್ನ ಕಿಟಕಿಯ ಮುಂದೆ ಬಂದು ನಿಲ್ಲುತ್ತಾರೆ, ತಾನು ಪೆನ್ನೆತ್ತಿದರೆ ಒಳಗೆ ಹೋಗುತ್ತಾರೆ. ಮೂರನೆಯ ಹೆಸರಿಗೂ ನಾಲ್ಕನೆಯದಕ್ಕೂ ನಡುವೆ, ಗೆರೆಯ ಮೇಲೆ ಇರುವೆಯಂಥ ಅಕ್ಷರದಲ್ಲಿ ಅತ್ತೆಯ ಹೆಸರು ಬರೆದು, ಪಕ್ಕದಲ್ಲಿ ಮೂರು-ಎ ಎಂದು ಹಾಕಿದಳು. ನಾಲ್ಕು ನಾಲ್ಕಾಗಿಯೇ ಉಳಿಯಿತು, ಐದು ಐದಾಗಿಯೇ. ರಿಜಿಸ್ಟರಿನ ಯಾವ ಹೆಸರೂ ಮಿಸುಕಲಿಲ್ಲ. ಪರೀಕ್ಷೆ ಮುಗಿಸಿದ ಅತ್ತೆಯನ್ನು ತಂಗಿಯ ಜೊತೆ ಪಟ್ಟಿಯಕ್ಕನೇ ಮನೆಗೆ ಕರೆದೊಯ್ದಳು, ಉಳಿದವರನ್ನು ಕರೆಯಲು ಒಳಗಿನ ಕಿವಿ ಪರೀಕ್ಷಕನಿಗೆ ಹೇಳಿ. ಅವನು ದಿನಕ್ಕೆ ಹನ್ನೆರಡು ಜನರ ಕಿವಿ ನೋಡುತ್ತಿದ್ದ, ತಲೆಗೆ ಅರ್ಧ ಗಂಟೆ. ಹನ್ನೆರಡು ಎಣಿಸಿ, ದೀಪ ಆರಿಸಿ, ಹಿಂಬಾಗಿಲಿಂದ ಹೋದ. ಮರುದಿನ ರಿಜಿಸ್ಟರ್ ತೆರೆದಾಗ ಹನ್ನೆರಡನೆಯ ಸಾಲಿನ ಮುಂದೆ ಟಿಕ್ ಇರಲಿಲ್ಲ. ಬೀಗ ರಿಪೇರಿಯವನು. ಅವಳು ಸ್ವಲ್ಪ ಹೊತ್ತು ಆ ಖಾಲಿ ಚೌಕವನ್ನು ನೋಡಿದಳು. ಖಾಲಿ ಬಿಟ್ಟರೆ ಯಾರಾದರೂ ಕೇಳುತ್ತಾರೆ. 'ಗೈರುಹಾಜರು' ಎಂದು ಬರೆದಳು, ದುಂಡಗೆ, ಸ್ಪಷ್ಟವಾಗಿ. ಆ ವಾರವೇ ಪರೀಕ್ಷೆಯ ಯಂತ್ರ ಕೆಟ್ಟು, ಬಿಡಿಭಾಗ ಬರುವಾಗ ಎರಡು ತಿಂಗಳಾಯಿತು.

ಅವಳು ನಾಲ್ಕು ಹೆಸರನ್ನೂ ರಿಜಿಸ್ಟರ್ ನೋಡಿಕೊಂಡು ಮತ್ತೆ ಹಾಕಿದಳು. ಈ ಸಲ ಸಮ ಚಿಹ್ನೆಯ ಹತ್ತಿರವೂ ಸುಳಿಯಲಿಲ್ಲ. ಅಷ್ಟರಲ್ಲಿ ಬಟ್ಟೆ ಗಿರಣಿಯ ವ್ಯಾನು ಬಂತು. ಮಗ್ಗದ ಸದ್ದಿನಲ್ಲಿ ದುಡಿಯುವವರನ್ನು ಗಿರಣಿಯವರು ವರ್ಷಕ್ಕೊಮ್ಮೆ ಕಿವಿ ಪರೀಕ್ಷೆಗೆ ಕಳಿಸುತ್ತಿದ್ದರು. ಈ ಸಲ ಎಂಟು ಜನ, ಎಂಟು ಜನರ ಹೆಸರಿದ್ದ ಒಂದು ಪತ್ರ. ನಾಲ್ಕೂ ಎಂಟೂ ಹನ್ನೆರಡು, ಸರಿಯಾಗಿ ಒಂದು ದಿನದ ಅಳತೆ. ಎಂಟನ್ನೂ ಒಂದೊಂದಾಗಿ ಯಾರು ಸೇರಿಸುತ್ತಾರೆ? ಪಟ್ಟಿಯಕ್ಕ ಎಂಟು ಹೆಸರನ್ನೂ ಚೌಕ ಆವರಣದಲ್ಲಿ ಕೂರಿಸಿ, ಗಿರಣಿ ಎಂದು ಹೆಸರು ಕೊಟ್ಟು, ಇಡಿಯಾಗಿ ಅಪೆಂಡ್ ಮಾಡಿದಳು. ಇಷ್ಟು ಸಲೀಸಾಗಿ ಆಗಿದ್ದಕ್ಕೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕು ಅನ್ನಿಸಿತು. ಮುದ್ರಿಸಿದ ಹಾಳೆಯನ್ನು ಪರೀಕ್ಷಕನ ಕೈಗೆ ಕೊಟ್ಟಾಗ ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ, "ಪರವಾಗಿಲ್ವೇ ಅಕ್ಕಾ, ಸರ್ಕಾರಕ್ಕಿಂತ ಬೇಗ ಮಾಡಿಬಿಟ್ರಿ" ಅಂದ. ದಿನವಿಡೀ ಪರೀಕ್ಷೆಯ ಸದ್ದಿಲ್ಲದ ಗೂಡಿನ ಪಕ್ಕ ಕೂತು ಅವನ ದನಿಯೂ ಪಿಸುಪಿಸು ಆಗಿತ್ತು, ಆದರೆ ಹೊಗಳಿಕೆ ಅವಳ ಬಲಗಿವಿಗೇ ಬಿತ್ತು.

ಹನ್ನೊಂದೂವರೆಗೆ ಬೀಗ ರಿಪೇರಿಯವನು ಒಳಗಿಂದ ಬಂದು, ಕಿವಿಯ ಯಂತ್ರಕ್ಕೆ ಮಾಡಿದ ಹೊಸ ಅಚ್ಚು ಒಣಗುವವರೆಗೆ ಕಾಯಲು ಅದೇ ಮುಂದಿನ ಬೆಂಚಿನಲ್ಲಿ ಕೂತ. ಅವನ ಹಿಂದೆಯೇ ಪರೀಕ್ಷಕ ಬಾಗಿಲಲ್ಲಿ ಕಾಣಿಸಿಕೊಂಡ. ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, ಎಂಟು ಹೆಸರನ್ನೂ ಒಂದೇ ಉಸಿರಿನಲ್ಲಿ ಕರೆದ. "ಐದನೇ ನಂಬರು. ಎಲ್ಲರೂ ಬನ್ನಿ." ಗಿರಣಿಯವರು ಗಿರಣಿಯ ಶಿಸ್ತಿನವರು, ಎಂಟು ಜನರೂ ಎದ್ದು ಸಾಲಾಗಿ ನಡೆದರು. ಪರೀಕ್ಷೆಯ ಗೂಡೆಂದರೆ ಒಂದು ಕುರ್ಚಿ, ಕುರ್ಚಿಯ ಸುತ್ತ ಒಂದು ಮೊಣಕೈ ಜಾಗ. ಮೊದಲನೆಯವನು ಕೂತ, ಇಬ್ಬರು ಅವನಿಗೆ ಒರಗಿ ನಿಂತರು, ನಾಲ್ಕನೆಯವಳ ಚೀಲ ಬಾಗಿಲಿಗೆ ಸಿಕ್ಕಿತು. "ಉಸಿರು ಹಿಡ್ಕೊಳ್ಳಿ, ಬಾಗಿಲು ಹಾಕ್ತೀನಿ" ಎಂದ ಪರೀಕ್ಷಕ. ಆಗ ಒಬ್ಬರಿಗೆ ನಗು ಬಂದು, ಅದು ಎಂಟು ಜನಕ್ಕೂ ಹತ್ತಿ, ಬೆಂಚಿನವರಿಗೂ ಹತ್ತಿ, ವಿಭಾಗವೆಲ್ಲ ಗೊಳ್ಳೆಂದಿತು. ಪಟ್ಟಿಯಕ್ಕನ ಕಿವಿಗಳು ಬಿಸಿಯಾದವು, ಎರಡೂ. ಪಟ್ಟಿಯಲ್ಲಿ ಎಷ್ಟಿದ್ದಾರೆ ಎಂದು ಕಂಪ್ಯೂಟರನ್ನು ಕೇಳಿದರೆ, ಐದು ಅಂದಿತು.

ತಂಗಿಗೆ ಬಿಡುವಿನ ಹೊತ್ತು. ಫೋನೆತ್ತಿದವಳು ವಿಷಯ ಕೇಳಿ ನಗುವುದಕ್ಕೂ ಬೈಯುವುದಕ್ಕೂ ನಡುವೆ ಸಿಕ್ಕಿಕೊಂಡಳು. "ಅಕ್ಕಾ, ನೀನು ಗಂಟನ್ನ ಗಂಟಾಗೇ ಒಳಗಿಟ್ಟಿದೀಯ. ಅದಕ್ಕೆ ಅದು ಒಂದೇ. ಬಿಚ್ಚಿ ಸೇರಿಸ್ಬೇಕು. ಎಕ್ಸ್‌ಟೆಂಡ್. ಬರ್ಕೋ."

"ಬರ್ಕೊಂಡಿದ್ದೆ. ಮರೆತೆ."

"ಮರೀಲಿ ಬಿಡು. ಗಂಟು ತೆಗೆದುಹಾಕು, ಎಕ್ಸ್‌ಟೆಂಡ್ ಮಾಡು. ಎಂಟೂ ಎದ್ದು ನಿಲ್ತವೆ."

ಎದ್ದು ನಿಂತವು. ಹನ್ನೆರಡು ಹೆಸರು, ಒಂದರ ಹಿಂದೆ ಒಂದು. ಹೊಸ ಹಾಳೆ ಕೊಡಲು ಹೋದಾಗ ಪರೀಕ್ಷಕ, "ಛೆ, ಹಳೇದೇ ಚೆನ್ನಾಗಿತ್ತು, ಒಂದು ಗಂಟೆಗೆ ಮನೆಗೆ ಹೋಗ್ಬಹುದಿತ್ತು" ಅಂದ. ಗಿರಣಿಯವರೂ ಅವಳನ್ನು ಈಗ ಹಳೆಯ ಪರಿಚಯದವರಂತೆ ನೋಡಿ ತಲೆದೂಗುತ್ತಿದ್ದರು. ಅವಮಾನ ಎಷ್ಟು ಬೇಗ ಆರಿತೆಂದರೆ ಅವಳಿಗೇ ಆಶ್ಚರ್ಯವಾಯಿತು. ಮುಂಚೆಯಾಗಿದ್ದರೆ ವಾರವೆಲ್ಲ ಹುಣ್ಣಿನ ಹಾಗೆ ನೆಕ್ಕಿಕೊಳ್ಳುತ್ತಿದ್ದಳು. ಗಂಟು ಬಿಚ್ಚಿದರೆ ಎಂಟು ಮುಖ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತ, ಬೆಂಚಿನ ಮೇಲಿನ ಒಬ್ಬೊಬ್ಬರನ್ನೂ ಪರದೆಯ ಹೆಸರಿಗೆ ಹೊಂದಿಸುತ್ತ ಕೂತಳು. ಹನ್ನೆರಡನೆಯವಳು ನೂಲು ಸುತ್ತುವ ಹೆಂಗಸು, ಎಂಟು ಜನರಲ್ಲಿ ಹಿರಿಯಳು. ಗೋಡೆಯ ಮೇಲಿನ ಕಿವಿಯ ಚಿತ್ರವನ್ನು, ಅದರ ಬಸವನಹುಳುವಿನಂಥ ಒಳಗನ್ನು, ಬೆರಳಿನಿಂದ ಗಾಳಿಯಲ್ಲೇ ಸುತ್ತುತ್ತ ನೋಡುತ್ತಿದ್ದಳು. ಹೀಗೆ ಪಟ್ಟಿಯಕ್ಕ ನೋಡುತ್ತಿದ್ದಾಗಲೇ ಭುಜದ ಮೇಲೆ ಕೈ ಬಿತ್ತು. ತಿರುಗಿದರೆ ಹಿರಿಯ ಡಾಕ್ಟರಮ್ಮ. ಪಟ್ಟಿಯಕ್ಕ ನಕ್ಕಳು. ಡಾಕ್ಟರಮ್ಮ ನಗಲಿಲ್ಲ.

"ಫೋನು," ಅಂದರು. "ನಿಮ್ಮ ಎಡಗೈ ಪಕ್ಕದಲ್ಲೇ ಹೊಡ್ಕೊಳ್ತಾ ಇತ್ತು. ನಾನು ನನ್ನ ರೂಮಿಂದ ಎದ್ದು ಬಂದೆ."

ಫೋನು ಆಗಲೇ ಸುಮ್ಮನಾಗಿತ್ತು. ಪಟ್ಟಿಯಕ್ಕ ಅದನ್ನು ಎತ್ತಿ, ಮತ್ತೆ ಇಟ್ಟಳು. "ಯೋಚನೆ ಮಾಡ್ತಿದ್ದೆ ಮೇಡಂ."

"ಎಷ್ಟು ದಿನದಿಂದ?"

ಯೋಚನೆ ಎಷ್ಟು ದಿನದಿಂದ ಎಂದು ಕೇಳುತ್ತಿಲ್ಲವೆಂಬುದು ಅವಳಿಗೆ ತಿಳಿಯಿತು. ಕಿಟಕಿಯಾಚೆ ಬೆಂಚಿನ ಮೇಲೆ ಹತ್ತು ಜನ. ಎಲ್ಲರೂ ಕಿವಿ ಮಂದವಾದವರು, ಹಾಗಾಗಿ ಎಲ್ಲರೂ ಕಣ್ಣಿನಿಂದಲೇ ಕೇಳಿಸಿಕೊಳ್ಳುವವರು. ತಿಂಗಳುಗಟ್ಟಲೆ ಕಾಪಾಡಿದ ಗುಟ್ಟು ಇಷ್ಟು ಜನರ ಮುಂದೆ, ಒಂದು ಫೋನಿನಿಂದ. ಕಿವಿ ವಿಭಾಗದ ಕಿಟಕಿಯಲ್ಲಿ ಕಿವುಡಿ ಕೂತಿದ್ದಾಳೆ ಅಂತಾರೆ, ಇನ್ನೆಲ್ಲೋ ಕಡತಗಳ ಕೋಣೆಗೆ ಹಾಕುತ್ತಾರೆ, ಅಲ್ಲಿ ಯಾರ ಹೆಸರನ್ನೂ ಕೂಗಬೇಕಾಗಿಲ್ಲ. "ನಾಲ್ಕು ತಿಂಗಳು" ಎಂದಳು.

"ಅಲ್ಲ ಕಣ್ರೀ, ದಿನಾ ಈ ಗೂಡಿನ ಮುಂದೆ ಕೂತು... ಸರಿ. ಈಗ ಒಳಗಿರೋರು ಬಂದ ತಕ್ಷಣ ನೀವು ಹೋಗಿ. ನಿಮ್ಮ ಹೆಸರು ಮೇಲೆ ಹಾಕ್ಕೊಳ್ಳಿ. ಸ್ಟಾಫ್ ತಾನೆ, ಯಾರು ಕೇಳ್ತಾರೆ?" ಎಂದು ಹೇಳಿ ಡಾಕ್ಟರಮ್ಮ ಹೊರಟುಹೋದರು.

ಬೈಗುಳಕ್ಕೆ ಸಿದ್ಧವಾಗಿದ್ದ ಮನಸ್ಸಿಗೆ ಈ ಅಕ್ಕರೆ ತಡೆಯಲಾಗಲಿಲ್ಲ, ಕಣ್ಣು ತುಂಬಿತು. ಐದನೆಯವನು ಒಳಗಿದ್ದ. ಆರನೆಯ ಜಾಗ ಬೇಕು. ಕಂಪ್ಯೂಟರಿನ ಎಣಿಕೆ ಸೊನ್ನೆಯಿಂದ, ಹಾಗಾಗಿ ಆರಕ್ಕೆ ಐದು ಎಂದು ಬರೆಯಬೇಕು. ನಡುವೆ ತೂರಿಸಲು ಇನ್ಸರ್ಟ್, ಆವರಣ, ಐದು, ಆಮೇಲೆ ತನ್ನ ಹೆಸರು. ಬಹಳ ವರ್ಷದ ಮೇಲೆ ತನ್ನ ಪೂರ್ತಿ ಹೆಸರನ್ನು ತಾನೇ ಬರೆದು, ಒತ್ತಿ, ಪಟ್ಟಿ ನೋಡಿದಳು. ಆರನೆಯವಳಾಗಿ ತಾನು ನಿಂತಿದ್ದಳು. ಆರು ಏಳಾಗಿತ್ತು, ಏಳು ಎಂಟಾಗಿತ್ತು. ಅವಳ ಕಣ್ಣು ಒಂದೊಂದೇ ಹೆಸರನ್ನು ಹಿಡಿದು ಕೆಳಗಿಳಿಯಿತು. ಪ್ರತಿಯೊಬ್ಬರೂ ಎದ್ದು ಒಂದು ಹೆಜ್ಜೆ ಹಿಂದೆ ಸರಿದು ಕೂತಿದ್ದರು. ಕಟ್ಟಕಡೆಗೆ ನೂಲು ಸುತ್ತುವ ಹೆಂಗಸು, ಹದಿಮೂರನೆಯವಳಾಗಿ. ರಿಜಿಸ್ಟರಿನಲ್ಲಿ ಇದು ಕಂಡಿರಲಿಲ್ಲ. ಆ ದಿನದ ಬಗ್ಗೆ ಅವಳು ಎಷ್ಟೋ ಸಲ ಮರುಗಿದ್ದಳು ನಿಜ, ಆದರೆ ಮರುಗಿದ್ದೆಲ್ಲ ಆ ಒಂದು ಪದಕ್ಕೆ, 'ಗೈರುಹಾಜರು' ಎಂದು ಬರೆದದ್ದಕ್ಕೆ. ನಡುವೆ ಒಂದು ಹೆಸರು ತುರುಕಿದ್ದು ಅವಳ ಪಾಲಿಗೆ ತಪ್ಪೆಂದೇ ಆಗಿರಲಿಲ್ಲ. ನಾಲ್ಕನೆಯವನಿಗೆ ಅರ್ಧ ಗಂಟೆ ತಡ, ಅಷ್ಟೆ ತಾನೆ? ಕೊನೆಯವನು ಯಾರೆಂದು ಪೆನ್ನು ಹಿಡಿದಾಗ ಅವಳು ನೋಡಿರಲೇ ಇಲ್ಲ. ಈಗ ಯಂತ್ರ ಒಂದು ಮಾತೂ ಆಡದೆ ತೋರಿಸುತ್ತಿತ್ತು. ಬೆಂಚಿನ ತುದಿಯಲ್ಲಿ ಆ ಹೆಂಗಸು ಇನ್ನೂ ಗಾಳಿಯಲ್ಲಿ ಬಸವನಹುಳು ಸುತ್ತುತ್ತಿದ್ದಳು.

ಬೀಗ ರಿಪೇರಿಯವನು ಎದ್ದು ಕಿಟಕಿಗೆ ಬಂದ. "ಅಚ್ಚು ಒಣಗ್ತಂತೆ. ಮುಂದಿನ ಸಲ ಯಾವಾಗ ಬರ್ಲಿ?" ಎಂದು, ಎಂದಿನಂತೆ ಅವಳ ಮುಖಕ್ಕೆ ಕಣ್ಣು ನೆಟ್ಟು ಕೇಳಿದ. ಅವಳು ಹೇಳಲೇಬೇಕೆಂದೇನೂ ಇರಲಿಲ್ಲ. ದಿನಾಂಕ ಬರೆದುಕೊಟ್ಟರೆ ಅವನು ಹೋಗುತ್ತಿದ್ದ. ಆದರೆ ಪರದೆಯ ಕೊನೆಯ ಸಾಲು ಇನ್ನೂ ಕಣ್ಣಲ್ಲಿತ್ತು.

"ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು" ಎಂದಳು, ಆದಷ್ಟು ಮೆಲ್ಲಗೆ.

"ಮಾತ್ರೆನಾ? ಮಾತ್ರೆ ಏನೂ ಬರೆದಿಲ್ವಲ್ಲ."

"ಮಾತ್ರೆ ಅಲ್ಲ. ಮಾತು."

"ಹಾಂ?"

ಕಿವಿ ಕೇಳದವನ ಮುಂದೆ ತಪ್ಪೊಪ್ಪಿಕೊಳ್ಳುವುದನ್ನು ಪಿಸುಮಾತಿನಲ್ಲಿ ಮಾಡಲಾಗುವುದಿಲ್ಲವೆಂದು ಅವಳಿಗೆ ಹೊಳೆದದ್ದು ಆಗಲೇ. ಹೆಸರು ಕೂಗುವ ದನಿಯಲ್ಲೇ ಹೇಳಬೇಕಾಯಿತು. "ಎರಡು ವರ್ಷದ ಹಿಂದೆ! ನೀವು ಮೊದಲ ಸಲ ಬಂದ ದಿನ! ನಿಮ್ದು ಹನ್ನೆರಡನೇ ನಂಬರು! ನಮ್ಮ ತಂಗಿ ಅತ್ತೇನ ನಾನು ನಡುವೆ ಸೇರಿಸ್ಬಿಟ್ಟೆ! ನೀವು ಹದಿಮೂರಕ್ಕೆ ಹೋದ್ರಿ! ಹನ್ನೆರಡಕ್ಕೇ ಬಾಗಿಲು ಹಾಕಿದ್ರು!"

ಗಿರಣಿಯವರು ತಿರುಗಿ ನೋಡಿದರು. ವರದಿಗೆ ಕಾಯುತ್ತಿದ್ದ ಮೇಷ್ಟ್ರು ಜೀರುಂಡೆಯನ್ನು ಮರೆತು ಮುಂದಕ್ಕೆ ಬಾಗಿದರು. ಬೀಗ ರಿಪೇರಿಯವನು ಕಿವಿಯ ಯಂತ್ರವನ್ನು ಬೆರಳಿನಿಂದ ಒತ್ತಿ ಹಿಡಿದ. "ಆವತ್ತು ಐದು ಗಂಟೆವರೆಗೂ ಕೂತಿದ್ದೆ. ಗುಡಿಸೋಳು ಬಂದು, ಎಲ್ಲರ ಹೆಸರೂ ಕರೆದಾಯ್ತು, ಏಳಿ ಅಂದ್ಲು."

"ನಿಮ್ಮ ಹೆಸರು ಕರೀಲಿಲ್ಲ."

"ಏನಂದ್ರಿ?"

"ನಿಮ್ಮ ಹೆಸರು ಯಾರೂ ಕರೀಲೇ ಇಲ್ಲ!"

ಬೈಯುತ್ತಾನೆಂದು ಅವಳು ಕಾದಳು, ಬೈದಿದ್ದರೆ ಹಗುರಾಗುತ್ತಿತ್ತು. "ನಾನು ಏನಂದ್ಕೊಂಡೆ ಗೊತ್ತಾ?" ಎಂದ ಕೊನೆಗೆ. "ಕರೆದಿದಾರೆ, ನನಗೇ ಕೇಳಿಸ್ಲಿಲ್ಲ ಅಂತ. ಸ್ವಂತ ಹೆಸರೇ ಕೇಳದಷ್ಟು ಹಾಳಾಗಿದೆ ಕಿವಿ ಅಂತ. ಮನೇಲಿ ಹೇಳ್ಕೊಂಡು ಅತ್ತುಬಿಟ್ಟೆ. ಬೀಗ ತೆಗೆಯೋ ಕೆಲಸ ಅವತ್ತೇ ಬಿಟ್ಟೆ. ಒಳಗಡೆ ಟಿಕ್ ಅನ್ನೋದು ಕೇಳಿಸ್ಬೇಕಲ್ಲ, ಅದಕ್ಕೆ. ಈಗ ಬರೀ ಕೀಲಿ ಕೊರೀತೀನಿ. ಇಲ್ಲಿಗೆ ಬಂದ್ರೂ ಮುಂದಿನ ಬೆಂಚಲ್ಲೇ ಕೂತು ನಿಮ್ಮ ತುಟಿ ನೋಡ್ತಿರ್ತೀನಿ, ಇನ್ನೊಂದ್ಸಲ ತಪ್ಪಿಹೋಗ್ಬಾರ್ದು ಅಂತ."

ತುಟಿ. ಎರಡು ವರ್ಷ ಅವನು ನೋಡಿದ್ದು ಅವಳ ತುಟಿಯನ್ನು. ಅವಳು ಹೊತ್ತು ತಿರುಗಿದ ಆರೋಪ ಅವನ ಕಣ್ಣಲ್ಲಿ ಎಂದೂ ಇರಲೇ ಇಲ್ಲ. ಇದ್ದದ್ದು ಭಯ, ಅದನ್ನು ಅಲ್ಲಿಟ್ಟವಳು ತಾನು. ಇದು ಅವಳು ಕಲ್ಪಿಸಿಕೊಂಡಿದ್ದಕ್ಕಿಂತ ಕೆಟ್ಟದಾಗಿತ್ತು. ಕಿಟಕಿಯ ಅಂಚನ್ನು ಹಿಡಿದು ನಿಂತಳು. ಅವನ ಮುಖದಲ್ಲಿ ಮಾತ್ರ ಏನೋ ನಿಧಾನವಾಗಿ ಸಡಿಲಾಗುತ್ತಿತ್ತು.

"ಹಾಗಾದ್ರೆ ಕರೀಲೇ ಇಲ್ಲ?"

"ಇಲ್ಲ."

"ಇನ್ನೊಂದ್ಸಲ ಹೇಳಿ."

"ಕರೀಲೇ ಇಲ್ಲ!"

ಅವನು ನಕ್ಕ. ಹಿಂದೆ ತಿರುಗಿ ಬೆಂಚಿನವರಿಗೆಲ್ಲ, "ಕರೀಲೇ ಇಲ್ವಂತೆ!" ಎಂದ, ತನಗೆ ಬಹುಮಾನ ಬಂತು ಎನ್ನುವವನ ಹಾಗೆ. ಕೇಳಿದವರೂ ಕೇಳದವರೂ ತಲೆಯಾಡಿಸಿದರು. ಆಮೇಲೆ ಮತ್ತೆ ಕಿಟಕಿಗೆ ತಿರುಗಿದಾಗ ನಗು ಅರ್ಧ ಇಳಿದಿತ್ತು. "ನನ್ನ ಹೆಸರಿನ ಮುಂದೆ ಏನು ಬರೆದ್ರಿ?"

ಅವಳು ಹೇಳಿದಳು.

"ಅದು ಸರಿ ಅಲ್ಲ. ನಾನಿದ್ದೆ."

ಪಟ್ಟಿಯಕ್ಕ ಕಪಾಟಿನ ಕೆಳಗಿನ ಅರೆಯಿಂದ ಎರಡು ವರ್ಷದ ಹಿಂದಿನ ರಿಜಿಸ್ಟರನ್ನು ಎಳೆದು ತೆಗೆದು, ಧೂಳು ಕೊಡವಿ, ಆ ಪುಟವನ್ನು ಕಿಟಕಿಯ ಕಟ್ಟೆಯ ಮೇಲೆ ಅವನಿಗೆ ಕಾಣುವಂತೆ ಬಿಡಿಸಿಟ್ಟಳು. 'ಗೈರುಹಾಜರು' ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ಹಾಜರಿದ್ದರು, ಸಂಜೆ ಐದರವರೆಗೆ' ಎಂದು ಬರೆದು ಸಹಿ ಹಾಕಿದಳು. ಅವನು ಬಗ್ಗಿ ಓದಿದ. ಮೂರು-ಎ ಎಂಬ ಇರುವೆ ಅಕ್ಷರವನ್ನೂ ಬೆರಳಿಟ್ಟು ಓದಿ, "ಇವರಿಗೆ ಈಗ ಕಿವಿ ಹೇಗಿದೆ?" ಎಂದು ಕೇಳಿದ.

"ಬೇಕಾದ್ದು ಕೇಳಿಸುತ್ತೆ, ಬೇಡದ್ದು ಕೇಳಿಸಲ್ಲ."

"ಹಾಗಾದ್ರೆ ಸರಿ" ಎಂದು, ಮುಂದಿನ ದಿನಾಂಕದ ಚೀಟಿ ತೆಗೆದುಕೊಂಡು ಹೊರಟ. ಬಾಗಿಲ ಬಳಿ ನಿಂತು, ಅಲ್ಲಿನ ಹಳೆಯ ಬೀಗವನ್ನು ಸುಮ್ಮನೆ ಒಮ್ಮೆ ಅಲ್ಲಾಡಿಸಿ, ಕಿವಿ ಹತ್ತಿರ ತಂದು ಆಲಿಸಿ, ಆಮೇಲೆ ಹೋದ. ಅವನು ಕ್ಷಮಿಸಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಕೇಳಬೇಕೆಂದೂ ಅನ್ನಿಸಲಿಲ್ಲ.

ಪರದೆಗೆ ಮರಳಿದಳು. ಆರನೆಯ ಜಾಗದಿಂದ ತನ್ನ ಹೆಸರು ತೆಗೆದಳು. ಏಳು ಜನರೂ ಒಂದು ಹೆಜ್ಜೆ ಮುಂದೆ ಬಂದು ತಂತಮ್ಮ ಜಾಗದಲ್ಲಿ ಕೂತರು. ಆಮೇಲೆ ಪಟ್ಟಿ, ಚುಕ್ಕೆ, ಅಪೆಂಡ್, ತನ್ನ ಹೆಸರು. ಈಗಲೂ ಹದಿಮೂರೇ, ಆದರೆ ಯಾರೂ ಏಳಬೇಕಾಗಲಿಲ್ಲ. ಮಧ್ಯಾಹ್ನ ಹಾಳೆ ನೋಡಿದ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಮೇಲೆ ಹಾಕ್ಕೊಳ್ಳಿ ಅಂದ್ರೆ ಕೆಳಗೆ ಹಾಕ್ಕೊಂಡಿದೀರಲ್ರೀ. ಹದಿಮೂರು ಎಲ್ಲಿ ಮುಗಿಯುತ್ತೆ?"

"ಆಗ್ಲಿಲ್ಲ ಅಂದ್ರೆ ಮುಂದಿನ ವಾರ ಮೇಡಂ. ಅಲ್ಲೂ ಕೊನೇಲೇ."

"ಆಗುತ್ತೆ ಬಿಡಿ" ಎಂದ ಪರೀಕ್ಷಕ ಬಾಗಿಲಿಂದ. "ಇವತ್ತು ಎಂಟು ಜನಾನ ಒಟ್ಟಿಗೆ ಗೂಡಲ್ಲಿ ಕೂರಿಸಿದೀನಿ. ಒಬ್ಬರು ಯಾವ ಲೆಕ್ಕ?"

ಡಾಕ್ಟರಮ್ಮ ಹೋಗುವಾಗ, ಏನೋ ನೆನಪಾದವರಂತೆ ನಿಂತು, "ಯಂತ್ರ ಹಾಕ್ಕೊಳ್ಬೇಕಾಗಿ ಬಂದ್ರೆ ಕಿಟಕೀಲೇ ಕೂತ್ಕೊಂಡು ಹಾಕ್ಕೊಳ್ಳಿ. ಹೊಸದಾಗಿ ಬರೋರಿಗೆ ಧೈರ್ಯ ಆಗುತ್ತೆ" ಎಂದರು. ಕಡತದ ಕೋಣೆಯ ಕಿಟಕಿಯಿಲ್ಲದ ಗೋಡೆಗಳು ಪಟ್ಟಿಯಕ್ಕನ ಮನಸ್ಸಿನಿಂದ ಮೆಲ್ಲಗೆ ಹಿಂದೆ ಸರಿದವು. ಡಬ್ಬಿ ತೆರೆದು, ಆರಿದ ಊಟವನ್ನು ಬಹಳ ರುಚಿಯಾಗಿ ಉಂಡಳು. ಊಟದ ನಡುವೆಯೇ ಗಂಡನಿಗೆ ಫೋನು ಮಾಡಿ, ಬಲಗಿವಿಗೆ ಒತ್ತಿ ಹಿಡಿದು, ವಿಷಯ ಹೇಳಿದಳು. ಆಚೆಯಿಂದ ಯಂತ್ರದ ಸದ್ದು, ಅದರ ನಡುವೆ ಅವನು, "ನಾನೂ ಅದನ್ನೇ ಹೇಳ್ತಿದ್ದೆ, ತೋರಿಸ್ಕೋ ಅಂತ. ಮೂರು ಸಲ ಹೇಳ್ದೆ. ನೀನು ನಕ್ಕುಬಿಟ್ಟೆ" ಅಂದ. ಅವಳಿಗೆ ಮತ್ತೆ ನಗು ಬಂತು, ಈ ಸಲ ಕೇಳಿಸಿಯೇ ಬಂದ ನಗು.

ಮಧ್ಯಾಹ್ನ ನಿಧಾನವಾಗಿ ಸವೆಯಿತು. ಗಿರಣಿಯವರು ಒಬ್ಬೊಬ್ಬರಾಗಿ ಒಳಹೋಗಿ, ಒಬ್ಬೊಬ್ಬರಾಗಿ ಹೊರಬಂದು, ವ್ಯಾನಿಗಾಗಿ ಬೆಂಚಿನಲ್ಲಿ ಗುಂಪಾದರು. ಬಿಸಿಲು ಕಿಟಕಿಯ ಗಾಜಿನಿಂದ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ ಇಳಿಯಿತು. ಹನ್ನೆರಡನೆಯವಳೂ ಮುಗಿಸಿ ಬಂದಳು. ಪಟ್ಟಿಯಕ್ಕ ಬೆನ್ನು ತಿರುಗಿಸಿ ಹಳೆಯ ರಿಜಿಸ್ಟರುಗಳನ್ನು ವರ್ಷದ ಪ್ರಕಾರ ಕಪಾಟಿಗೆ ಜೋಡಿಸುತ್ತಿದ್ದಳು. ಎಡಗಡೆ ಗೂಡಿನ ಬಾಗಿಲು ತೆರೆದದ್ದಾಗಲಿ, ಹಾಳೆ ಹಿಡಿದು ಪರೀಕ್ಷಕ ಬಂದು ನಿಂತದ್ದಾಗಲಿ ಅವಳ ಅರಿವಿಗೆ ಬರಲಿಲ್ಲ. ಹದಿನೇಳನೇ ಇಸವಿಯ ಎರಡು ರಿಜಿಸ್ಟರುಗಳ ನಡುವೆ ಹತ್ತೊಂಬತ್ತರದ್ದು ಒಂದು ಸೇರಿಕೊಂಡಿತ್ತು; ಅದನ್ನು ಕಿತ್ತು ಅದರ ಜಾಗಕ್ಕೆ ಹಾಕುತ್ತಿದ್ದಾಗ ನೂಲು ಸುತ್ತುವ ಹೆಂಗಸು ಕಿಟಕಿಯೊಳಗೆ ಕೈ ಚಾಚಿ ಅವಳ ಸೆರಗು ಜಗ್ಗಿದಳು.

"ತಾಯೀ, ನಿಮ್ಮನ್ನೇ ಕರೀತಿದಾರೆ."

ಪಟ್ಟಿಯಕ್ಕ ತಿರುಗಿದಳು. ಬೆಂಚಿನವರೆಲ್ಲ ಅವಳ ಕಡೆ ನೋಡುತ್ತಿದ್ದರು. ಪರೀಕ್ಷಕ ಬಾಗಿಲಿಗೆ ಒರಗಿ, ಹಾಳೆಯನ್ನು ಎದೆಗೆ ಹಿಡಿದು, ಅವಸರವಿಲ್ಲದೆ ನಿಂತಿದ್ದ.

"ಯಾವಾಗಿಂದ?"

"ಆಗಿನಿಂದ. ಮೂರು ಸಲ ಆಯ್ತು. ಎಷ್ಟು ಚೆಂದದ ಹೆಸರು ನಿಮ್ದು, ನಾವೆಲ್ಲ ಪಟ್ಟಿ ಅಂತಲೇ ಅಂದ್ಕೊಂಡಿದ್ವಿ."

ಮೂರು ಸಲ ಕರೆದಿದ್ದರು. ತನಗೆ ಕೇಳಿಸಿರಲಿಲ್ಲ. ಅವಳು ರಿಜಿಸ್ಟರಿನ ಧೂಳನ್ನು ಅಂಗೈಯಿಂದ ಒರೆಸಿಕೊಂಡು, "ಬಂದೆ" ಎಂದು ಹೆಸರು ಕೂಗುವ ದನಿಯಲ್ಲೇ ಕೂಗಿ, ಕಿಟಕಿಯ ಪಕ್ಕದ ಸಣ್ಣ ಬಾಗಿಲು ತೆರೆದು, ಹದಿನೆಂಟು ವರ್ಷದಲ್ಲಿ ಮೊದಲ ಸಲ ಬೆಂಚಿನವರ ಕಡೆಯಿಂದ ಒಳಗೆ ಹೋದಳು.